ಕಟ್ಟೆಯ ಬೆನ್ನಿಗಿದ್ದ ಗೋಡೆ

ನಮ್ಮ ಮನೆಯ ಪಡುವಣ ಗೋಡೆಗೆ ಪುಣೆಯ ಮಳೆ ನೇರವಾಗಿ ಬಂದು ಬಡಿಯುತ್ತದೆ. ಜೂನಿನಲ್ಲಿ ಶುರುವಾದರೆ ಗಣಪತಿ ಮುಳುಗುವವರೆಗೂ ಅದಕ್ಕೆ ಬಿಡುವಿಲ್ಲ. ಆದರೂ ಆ ಗೋಡೆ ಇವತ್ತಿಗೂ ಗಟ್ಟಿಯಾಗಿದೆ, ಒಳಗಿನಿಂದ ಕೈಯಿಟ್ಟರೆ ಒಣಗಿದ ಹಪ್ಪಳದ ಹಾಗಿದೆ. ಹಾಳಾಗಿದ್ದು ಮಳೆ ಸರಿಯಾಗಿ ಮುಟ್ಟದ ಮೂಡಣ ಗೋಡೆ. ಅದಕ್ಕೆ ಬೆನ್ನು ಕೊಟ್ಟು ನಮ್ಮವರೆಲ್ಲ ಕೂತಿದ್ದರು.

ನಮ್ಮವರು ಅಂದರೆ ಧಾರವಾಡ, ಬೆಳಗಾವಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು ಇಲ್ಲೇ ಬೇರು ಬಿಟ್ಟವರು. ಕೆಲವರು ಬ್ಯಾಂಕಿನವರು, ಕೆಲವರು ನಮ್ಮ ಮನೆಯವರ ಹಾಗೆ ಭೋಸರಿಯ ಕಾರ್ಖಾನೆಗಳಲ್ಲಿ ಇದ್ದವರು. ಎಲ್ಲರೂ ಸೇರಿ ಸೊಸೈಟಿ ಮಾಡಿಕೊಂಡು ಎತ್ತರವಿಲ್ಲದ ಮೂರು ಕಟ್ಟಡ ಎಬ್ಬಿಸಿದರು. ಗೇಟಿನ ಒಳಗೆ ಕನ್ನಡ, ಗೇಟು ದಾಟಿದರೆ ಮರಾಠಿ. ಜನ ಬಂದು ಸೇರಿದ ಮೊದಲ ಬೇಸಿಗೆಯಲ್ಲೇ ಗಂಡಸರಿಗೆ ದೊಡ್ಡದೊಂದು ಕೊರತೆ ಕಂಡಿತು. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು, ಮೆಟ್ಟಿಲಿಗೆ ದೀಪವಿರಲಿಲ್ಲ, ಅದೆಲ್ಲ ಅವರ ಕಣ್ಣಿಗೆ ಬೀಳಲಿಲ್ಲ. ಸಂಜೆ ಕೂತು ಮಾತಾಡಲು ಒಂದು ಕಟ್ಟೆಯಿಲ್ಲ ಅನ್ನುವುದೇ ಅವರ ಸಂಕಟ.

ಕಟ್ಟೆಗೆ ಜಾಗ ಹುಡುಕಿದವರು ನಮ್ಮ ಮನೆಯವರೇ. ನಮ್ಮದು ನೆಲಮಹಡಿ. ನಮ್ಮ ಮಲಗುವ ಕೋಣೆಯ ಹೊರಗೋಡೆಗೆ ಮಧ್ಯಾಹ್ನ ದಾಟಿದ ಮೇಲೆ ನೆರಳು, ಎದುರಿಗೆ ಗೇಟು, ಯಾರು ಬಂದರು ಯಾರು ಹೋದರು ಎಲ್ಲ ಕಾಣುತ್ತದೆ. ಇದಕ್ಕಿಂತ ಬೇರೆ ಜಾಗ ಬೇಕೇ ಅಂದರು. ಉಳಿದ ಇಟ್ಟಿಗೆಗಳಲ್ಲಿ ಗೋಡೆಗೆ ಆತುಕೊಂಡು ಸೊಂಟದೆತ್ತರ ಕಟ್ಟಿ, ಹೊಟ್ಟೆಯೊಳಗೆ ಮಣ್ಣು, ಒಡಕು ಇಟ್ಟಿಗೆ, ಸುಣ್ಣದ ಚೂರು ಎಲ್ಲ ತುಂಬಿ, ಮೇಲೆ ಶಹಾಬಾದಿ ಕಲ್ಲಿನ ಫರಸಿ ಹಾಸಿದರು. ಫರಸಿಯನ್ನು ಹಾಸುವಾಗ ಗೋಡೆಯ ಕಡೆಗೆ ತುಸು ಇಳಿಜಾರು ಕೊಟ್ಟರು. ಮುಂದಕ್ಕೆ ಇಳಿಜಾರು ಕೊಟ್ಟರೆ ಕೂತವರು ಜಾರುತ್ತಾರಂತೆ, ಹಿಂದಕ್ಕೆ ಕೊಟ್ಟರೆ ಒರಗಲು ಹಿತವಂತೆ. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಅಳತೆ ತಪ್ಪಿದರೆ ಮಾಲು ವಾಪಸು ಕಳಿಸುತ್ತಿದ್ದ ಮನುಷ್ಯ ತನ್ನ ಮನೆಯ ಗೋಡೆಗೆ ನೀರು ಹೋಗುವಂತೆ ತಾನೇ ಇಳಿಜಾರು ಅಳೆದು ಕೊಟ್ಟರು.

ಆಮೇಲೆ ಅದೊಂದು ಪದ್ಧತಿಯೇ ಆಯಿತು. ಸಂಜೆ ಬಿಸಿಲು ಇಳಿದ ಕೂಡಲೇ ಯಾರಾದರೂ ಒಬ್ಬರು ಪೈಪು ತಂದು ಕಟ್ಟೆಗೆ ನೀರು ಹೊಡೆಯುವುದು. ಫರಸಿ ತಣ್ಣಗಾಗಬೇಕು, ಧೂಳು ಹೋಗಬೇಕು. ನೀರು ಆರುವಷ್ಟರಲ್ಲಿ ಒಬ್ಬೊಬ್ಬರೇ ಬಂದು ಕೂಡುವರು. ಬೇಸಿಗೆ, ಚಳಿಗಾಲ ಅನ್ನದೆ ದಿನವೂ ನೀರು. ನಾನು ಒಳಗೆ ಚಹಾ ಮಾಡಿ ಕಿಟಕಿಯ ಸರಳುಗಳ ನಡುವಿನಿಂದ ಒಂದೊಂದೇ ಕಪ್ಪು ಹೊರಗೆ ದಾಟಿಸುತ್ತಿದ್ದೆ. ಶಾಲೆಯಿಂದ ಬಂದು ಸೀರೆ ಬದಲಾಯಿಸುವುದಕ್ಕೂ ಮೊದಲು ಆ ಚಹಾ. ಹೆಂಗಸರು ಕಟ್ಟೆಯ ಮೇಲೆ ಕೂಡಬಾರದೆಂದು ಯಾರೂ ಹೇಳಲಿಲ್ಲ, ಆದರೆ ಕೂತವಳನ್ನು ನಾನು ಕಾಣೆ. ನಾನಂತೂ ಅಷ್ಟು ವರ್ಷ ಆ ಕಟ್ಟೆಗೆ ಚಹಾ ಕೊಟ್ಟೆ, ಅದರ ಮೇಲೆ ಒಂದು ದಿನವೂ ಕೂಡಲಿಲ್ಲ.

ಅವರ ಮಾತು ಮಾತ್ರ ನನಗೆ ಬಾಯಿಪಾಠ. ಧಾರವಾಡದ ಮಳೆ ಎಂಥದು, ಬೆಳಗಾವಿಯ ಕುಂದಾ ಈಗ ಹೇಗೆ ಕೆಟ್ಟಿದೆ, ಯಾರ ಮಗ ಯಾರ ಮಗಳನ್ನು ಕಟ್ಟಿಕೊಂಡ, ಸರಕಾರ ಎಲ್ಲಿ ಎಡವಿತು. ನಮ್ಮ ಮನೆಯವರ ಧ್ವನಿ ಎಲ್ಲರಿಗಿಂತ ಮೇಲೆ. ಮನೆಯೊಳಗೆ ಉಪ್ಪು ಕಡಿಮೆಯಾಗಿದೆ, ಟವೆಲ್ ಎಲ್ಲಿ, ಇಷ್ಟರ ಮೇಲೆ ಮಾತಿಲ್ಲದ ಮನುಷ್ಯ. ಹೊಸ್ತಿಲು ದಾಟಿ ಕಟ್ಟೆಯ ಮೇಲೆ ಕೂತು ಗೋಡೆಗೆ ಬೆನ್ನು ತಾಗಿಸಿದರೆ ಸಾಕು, ನಗೆಯೇನು, ಚಾಷ್ಟಿಯೇನು, ಹಳೆಯ ಕತೆಗಳೇನು. ಗೋಡೆಯ ಆ ಬದಿಗೆ ಇರುವ ಗಂಡ ಈ ಬದಿಗೆ ಬಂದರೆ ಬೇರೆಯವರೇ ಆಗಿಬಿಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಅಂತ ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ಅವರ ಪುಪ್ಪುಸ ಮೊದಲೇ ಸೋತದ್ದು. ಭೋಸರಿಯಲ್ಲಿ ಗ್ರೈಂಡಿಂಗ್ ಮಾಡುವ ಕಡೆ ವರ್ಷಗಟ್ಟಲೆ ನಿಂತವರು, ಕಬ್ಬಿಣದ ಧೂಳನ್ನು ಊಟದ ಹಾಗೆ ತಿಂದವರು. ನಿವೃತ್ತರಾಗುವ ಹೊತ್ತಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ನೆಲಮಹಡಿ ಇದ್ದದ್ದು ಪುಣ್ಯ ಅಂದುಕೊಂಡೆ. ನೆಲಮಹಡಿಯೇ ಮುಂದೆ ಕಂಟಕವಾಗುತ್ತದೆ ಅಂತ ಯಾರಿಗೆ ಗೊತ್ತು.

ಮೊದಲು ಕಂಡದ್ದು ಅವರ ಮಂಚದ ಪಕ್ಕದಲ್ಲಿ, ನೆಲದ ಹತ್ತಿರ, ಅಂಗೈಯಗಲದ ಒಂದು ಕಲೆ. ಒರೆಸಿದರೆ ಬಿಳಿ ಪುಡಿ ಕೈಗೆ ಬರುತ್ತಿತ್ತು, ನಾಲಿಗೆಗೆ ಹಚ್ಚಿದರೆ ಉಪ್ಪುಪ್ಪು. ಮಳೆಗಾಲ ಮುಗಿದರೂ ಅದು ಹೋಗಲಿಲ್ಲ, ಮೇಲಕ್ಕೇರಿತು. ಬಣ್ಣ ಉಬ್ಬಿ ಉದುರಿತು, ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿಯಿತು, ಮಡಿಚಿಟ್ಟ ರೇಷ್ಮೆ ಸೀರೆಗೆ ಹಳೆಯ ಅಕ್ಕಿ ಚೀಲದ ವಾಸನೆ ಬಂತು. ಅದೇ ಹೊತ್ತಿಗೆ ಅವರ ಉಬ್ಬಸವೂ ಹೆಚ್ಚಾಯಿತು. ಮಲಗಿದರೆ ಎದೆಯಲ್ಲಿ ಸಿಳ್ಳೆ. ದಿಂಬಿನ ಮೇಲೆ ದಿಂಬು ಇಟ್ಟು ಅರ್ಧ ಕೂತೇ ನಿದ್ದೆ.

ಹಾಲಿನ ದಿವಾನದ ಮೇಲೆ ಮಲಗಿಸಿ ನೋಡಿದೆ. ಒಂದೆರಡು ದಿನ ಇದ್ದು ದಿಂಬು ಕಂಕುಳಲ್ಲಿಟ್ಟುಕೊಂಡು ವಾಪಸು ಬಂದರು. ಕಟ್ಟೆಗೆ ಹೋಗಲು ಆಗದ ದಿನ ಅವರು ಮಂಚದ ಮೇಲಿಂದಲೇ ಕಿಟಕಿಯಲ್ಲಿ ಮಾತಾಡುತ್ತಿದ್ದರು. ಹಾಲಿಗೆ ಆ ಕಿಟಕಿಯಿಲ್ಲ. ಬಾರಾಮತಿಯಲ್ಲಿರುವ ಮಗಳು, ಅಪ್ಪನನ್ನು ಮಳೆ ಮುಗಿಯುವ ತನಕ ಇಲ್ಲಿಗೇ ಕಳಿಸು ಅಂತ ಬೇಡಿಕೊಂಡಳು. ಅಲ್ಲಿ ಕಬ್ಬಿನ ಜೋಡಿ ಮಾತಾಡ್ಲೇನು, ಅಂದರು.

ಗೋಡೆಗೆ ಮದ್ದು ಮಾಡಿಸಿದೆ. ಒಳಗಿನಿಂದ ಕೆರೆಸಿ ನೀರು ಹಿಡಿಯದ ಪುಟ್ಟಿ ಹಚ್ಚಿಸಿದೆ. ಒಂದು ವರ್ಷ ಸುಮ್ಮನಿದ್ದು ಪುಟ್ಟಿಯ ಸಮೇತ ಉದುರಿತು. ಪ್ಲಾಸ್ಟಿಕ್ ಹಲಗೆ ಹೊಡೆಸಿ ಮುಚ್ಚಿಸಿದೆ. ಕಣ್ಣಿಗೆ ಚೆನ್ನಾಗಿತ್ತು, ಹಲಗೆಯ ಹಿಂದಿನಿಂದ ವಾಸನೆ ಮಾತ್ರ ಹೆಚ್ಚಾಯಿತು. ಕೊನೆಗೆ ಸೊಸೈಟಿಯವರು ದೊಡ್ಡ ಮನಸ್ಸು ಮಾಡಿ ಇಡೀ ಕಟ್ಟಡದ ಹೊರಗೋಡೆಗೆ ರಬ್ಬರಿನಂಥ ದಪ್ಪ ಬಣ್ಣ ಬಳಿಸಿದರು. ಇನ್ನು ಒಂದು ಹನಿ ಒಳಗೆ ಹೋಗೂದಿಲ್ಲ ಅಂತ ಎಲ್ಲರೂ ಬೆನ್ನು ಚಪ್ಪರಿಸಿಕೊಂಡರು. ಹನಿ ಒಳಗೆ ಹೋಗಲಿಲ್ಲ ನಿಜ. ಒಳಗಿದ್ದದ್ದು ಹೊರಗೆ ಬರಲೂ ಇಲ್ಲ. ಕಟ್ಟೆಯ ಮೇಲುಗಡೆ ಗೋಡೆಯ ಬಣ್ಣ ಸುಟ್ಟ ಗಾಯದ ಬೊಬ್ಬೆಯ ಹಾಗೆ ಎದ್ದಿತು. ನಾನು ತಲೆಯ ಪಿನ್ನಿನಿಂದ ಒಂದು ಬೊಬ್ಬೆಗೆ ಚುಚ್ಚಿದೆ, ಕೆಸರು ನೀರು ಮೊಣಕೈವರೆಗೆ ಇಳಿಯಿತು.

ಆ ದಿನ ಒಳಗೆ ಬಂದು ಗೋಡೆಯ ಮುಂದೆ ನಿಂತೆ. ಎಷ್ಟೋ ಸಲ ಬೈದುಕೊಂಡು ನೋಡಿದ್ದ ಗೋಡೆಯನ್ನು ಮೊದಲ ಸಲ ತಲೆ ಕೊಟ್ಟು ನೋಡಿದೆ. ಗೋಡೆಯ ಒದ್ದೆ, ಕಿಟಕಿಯ ಆಚೆ ಒಂದು ಮೊಳ ಬಿಟ್ಟು, ಗೆರೆ ಎಳೆದಂತೆ ನಿಂತಿತ್ತು. ಹೊರಗೆ ಹೋಗಿ ನೋಡಿದರೆ ಕಟ್ಟೆಯೂ ಅಲ್ಲಿಗೇ ಮುಗಿಯುತ್ತದೆ. ಈ ತುದಿಯಲ್ಲೂ ಹಾಗೇ. ಕಟ್ಟೆ ಎಷ್ಟು ಉದ್ದವೋ ಒದ್ದೆ ಅಷ್ಟೇ ಉದ್ದ. ಮಳೆ ಹೊಡೆಯುವ ಪಡುವಣ ಗೋಡೆ ಒಣಗಿದೆ, ಮಳೆ ಕಾಣದ ಈ ಗೋಡೆ ನೆನೆದಿದೆ. ಇನ್ನೇನು ಬೇಕು.

ನಾನು ಇಲ್ಲಿನ ಕನ್ನಡ ಶಾಲೆಯಲ್ಲಿ ವಿಜ್ಞಾನ ಹೇಳಿದವಳು. ಸೀಮೆಸುಣ್ಣದ ತುದಿಯನ್ನು ಮಸಿಯಲ್ಲಿಟ್ಟು, ಮಸಿ ತಾನಾಗಿ ಮೇಲೇರುವುದನ್ನು ಪ್ರತಿ ವರ್ಷ ಮಕ್ಕಳಿಗೆ ತೋರಿಸಿದವಳು. ಇಟ್ಟಿಗೆಯೂ ಅದರ ಮೇಲೆ ಬಳಿದ ಗಿಲಾವೂ ಹಾಗೇ ನೀರು ಕುಡಿಯುತ್ತವೆ. ಅದಕ್ಕೇ ಗೋಡೆ ಕಟ್ಟುವಾಗ ನೆಲದಿಂದ ಒಂದು ಗೇಣು ಮೇಲೆ, ತೇವ ಏರದಂತೆ ಗಟ್ಟಿ ಸಿಮೆಂಟಿನ ಒಂದು ಪಟ್ಟಿ ಹಾಕಿರುತ್ತಾರೆ. ನೆಲದ ನೀರು ಅಲ್ಲಿ ತಡೆಯುತ್ತದೆ. ಹೊರಗಿನ ಗಿಲಾವು ಮಳೆಯಲ್ಲಿ ನೆನೆದರೂ ನೀರು ಕೆಳಗಿಳಿದು ಹೋಗಿ, ಗಾಳಿಗೆ ಮತ್ತೆ ಒಣಗುತ್ತದೆ. ನೆನೆಯುವುದು ತಪ್ಪಲ್ಲ, ಒಣಗಲು ಬಿಡದಿರುವುದು ತಪ್ಪು. ನಮ್ಮ ಕಟ್ಟೆ ಆ ಪಟ್ಟಿಯನ್ನು ದಾಟಿ ಸೊಂಟದೆತ್ತರ ಬಂದಿತ್ತು. ಹೊಟ್ಟೆಯಲ್ಲಿ ಮಣ್ಣು, ಬೆನ್ನಿಗೆ ಇಳಿಜಾರು, ದಿನಾ ಸಂಜೆ ಪೈಪಿನ ನೀರು. ನೀರು ಗೋಡೆಯ ಬುಡಕ್ಕೆ ಹೋಗಿ ನಿಂತು, ಮಣ್ಣಿನಿಂದ ಗಿಲಾವಿಗೆ, ಗಿಲಾವಿನಿಂದ ಇಟ್ಟಿಗೆಗೆ ಏರಿ, ನಮ್ಮ ಮನೆಯವರ ದಿಂಬಿನ ಪಕ್ಕಕ್ಕೆ ಬರುತ್ತಿತ್ತು.

ಅವರಿಗೆ ಹೇಳಿದೆ. ಗೋಡೆಯನ್ನೂ ಕಟ್ಟೆಯನ್ನೂ ತೋರಿಸಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು.

"ನಿಂಗ ಆ ಕಟ್ಟಿ ಮ್ಯಾಲ ಮೊದ್ಲಿಂದನೂ ಕಣ್ಣು," ಅಂದರು.

"ನನಗ ಯಾಕ್ರಿ ಕಣ್ಣು? ನಿಮ್ಮ ಉಸುರು ನೋಡ್ರಿ."

"ನನ್ನ ಉಸುರು ನಂದು. ಕಟ್ಟಿ ಎಲ್ಲಾರದು. ಅದರ ಸುದ್ದಿಗೆ ಹೋಗಬ್ಯಾಡ."

ಹೋದೆ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಸೆಕ್ರೆಟರಿ ಬ್ಯಾಂಕಿನಿಂದ ನಿವೃತ್ತರಾದವರು, ನಮ್ಮ ಮನೆಯವರ ಜೀವದ ಗೆಳೆಯರು. ಇಬ್ಬರೂ ಒಬ್ಬರಿಗೊಬ್ಬರು ಲೇ ಅನ್ನದೆ ಮಾತು ಶುರು ಮಾಡುತ್ತಿರಲಿಲ್ಲ. ಅವರಿಗೆ ನಾನು ವೈನಿ, ಅಂದರೆ ಅತ್ತಿಗೆ. ಅವರು ನಕ್ಕರು.

"ವೈನಿ, ಕಟ್ಟಿ ಒಡದ್ರ ನಾವೆಲ್ಲೆ ಕೂಡೂದ್ರಿ? ನಿಮ್ಮ ಹಾಲಿನಾಗ?"

ಎಲ್ಲರೂ ನಕ್ಕರು. ಹಿಂದಿನಿಂದ ಯಾರೋ, ಟೀಚರ್ ಇನ್ನೂ ಪಾಠ ಬಿಟ್ಟಿಲ್ಲ ಅಂದರು. ಅದಕ್ಕೂ ನಕ್ಕರು. ಕಟ್ಟೆಯನ್ನು ಒಡೆಯುವುದು ಬೇಡ, ನಾಲ್ಕು ಬೆರಳು ಮುಂದಕ್ಕೆ ಸರಿಸಿ ಗೋಡೆಗೂ ಕಟ್ಟೆಗೂ ನಡುವೆ ಗಾಳಿಯಾಡಲು ಬಿಡಿ, ಇಳಿಜಾರನ್ನು ಹೊರಕ್ಕೆ ಮಾಡಿ, ಅಂತ ಕೇಳಿಕೊಂಡೆ. ಗೋಡಿ ಇಲ್ಲಂದ್ರ ಒರಗೂದು ಯಾವುದಕ್ಕ, ಅಂದರು ಸೆಕ್ರೆಟರಿ. ಸರಿ, ನೀರು ಹೊಡೆಯುವುದನ್ನಾದರೂ ನಿಲ್ಲಿಸಿ ಅಂದೆ. ಅದಕ್ಕೆ ಒಪ್ಪಿದರು. ಮರುದಿನ ಸಂಜೆ ಪೈಪಿನ ಸದ್ದು ಎಂದಿನ ಹಾಗೆ ಕೇಳಿತು. ಕಿಟಕಿಯಲ್ಲಿ ನೋಡಿದರೆ ಪೈಪು ಹಿಡಿದು ನಿಂತವರು ಸೆಕ್ರೆಟರಿ. ಸಭೆಯಲ್ಲಿ ನನ್ನ ಗಂಡ ಒಂದು ಮಾತೂ ಆಡಿರಲಿಲ್ಲ. ಈಗ ಮಂಚದ ಮೇಲಿಂದ ಕೂಗಿ ಹೇಳಿದರು, ಆ ಮೂಲಿಗೆ ಸರಿಯಾಗಿ ಹೊಡಿಯಲೇ, ಧೂಳು ಹಂಗಽ ಉಳದದ.

ನಮ್ಮ ಭಾಷೆ, ನಮ್ಮ ಮಂದಿ, ಪರವೂರಿನಲ್ಲಿ ಒಬ್ಬರಿಗೊಬ್ಬರು ಆಗಬೇಕು ಅಂತ ರಾಜ್ಯೋತ್ಸವದ ದಿನ ಇದೇ ಜನ ಮೈಕಿನಲ್ಲಿ ಹೇಳುತ್ತಾರೆ. ಒಬ್ಬರಿಗೊಬ್ಬರು ಆಗುವುದೆಂದರೆ ಚಹಾ ಕುಡಿಯುವುದು, ಆಸ್ಪತ್ರೆಗೆ ಸೇಬು ತರುವುದು. ಬೆನ್ನನ್ನು ನಾಲ್ಕು ಬೆರಳು ಸರಿಸುವುದು ಅದರೊಳಗೆ ಬರುವುದಿಲ್ಲ.

ಆ ವರ್ಷದ ಮಳೆ ಶುರುವಾದ ಕೂಡಲೇ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ತುಟಿ ನೀಲಿಗಟ್ಟಿತ್ತು. ಒಂದು ಶಬ್ದಕ್ಕೂ ಇನ್ನೊಂದು ಶಬ್ದಕ್ಕೂ ನಡುವೆ ಉಸಿರು ಹುಡುಕುತ್ತಿದ್ದರು. ಮೂಗಿಗೆ ಆಕ್ಸಿಜನ್ ಹಚ್ಚಿ ಡಾಕ್ಟರು ಹೊರಗೆ ಬಂದು, ಮನೆಯ ಗೋಡೆ ಒದ್ದೆಯಿದೆಯೇ ಅಂತ ಮರಾಠಿಯಲ್ಲಿ ಕೇಳಿದರು. ಫೋನಿನಲ್ಲಿ ತೆಗೆದಿದ್ದ ಫೋಟೋ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಈ ಕೋಣೆಗೆ ಇವರನ್ನು ವಾಪಸು ಕರೆದುಕೊಂಡು ಹೋಗಬೇಡಿ, ಹೋದರೆ ಮುಂದಿನ ಸಲ ಇಲ್ಲಿಯ ತನಕ ತರುವುದೂ ಕಷ್ಟ, ಅಂದರು. ನಾನು ಸಂಡಾಸಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅಳು ಬಂದದ್ದು ದುಃಖಕ್ಕೆ ಅರ್ಧ, ಸಿಟ್ಟಿಗೆ ಅರ್ಧ.

ಕಟ್ಟೆಯ ಜನ ದಿನವೂ ಬಂದರು. ಸೇಬು ತಂದರು, ಎಳನೀರು ತಂದರು. ಸೆಕ್ರೆಟರಿ ಮಂಚದ ಪಕ್ಕ ಕೂತು, ಲೇ, ನೀ ಇಲ್ಲದ ಕಟ್ಟಿ ಭಣಭಣ ಅಂತದಲೇ, ಲಗೂನ ಬಾ ಅಂತ ಕಣ್ಣು ಒರೆಸಿಕೊಂಡರು. ಆ ಕಣ್ಣೀರು ಸುಳ್ಳಲ್ಲ. ಅದೇ ನನಗೆ ತಡೆಯಲಾಗದ್ದು. ಸುಳ್ಳಾಗಿದ್ದರೆ ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದೆ.

ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೋಗುವ ಸಂತರ ಪಾಲಖಿ ಬಂದ ವಾರ ಅದು. ನಮ್ಮ ಸೊಸೈಟಿಯವರು ಪ್ರತಿ ವರ್ಷ ಬಸ್ಸು ಮಾಡಿಕೊಂಡು ಸಾಸವಡಕ್ಕೆ ಹೋಗಿ, ಪಾಲಖಿಯ ದರ್ಶನ ಮಾಡಿ, ಅದರ ಜೊತೆ ನಡೆದು ಹೋಗುವ ವಾರಕರಿಗಳಿಗೆ ಊಟ ಬಡಿಸಿ ಬರುತ್ತಾರೆ. ವಿಠಲ ಕಾನಡಾ, ಅಂದರೆ ಕನ್ನಡದವನಲ್ಲವೇ, ನಮ್ಮವನೇ ಅಂತ ಹೆಮ್ಮೆ ಬೇರೆ. ಬೆಳಿಗ್ಗೆ ಬಸ್ಸು ಗೇಟು ದಾಟಿತು. ಮಗಳು ಬಾರಾಮತಿಯಿಂದ ಬಂದು ಆಸ್ಪತ್ರೆಯಲ್ಲಿ ಅಪ್ಪನ ಹತ್ತಿರ ಇದ್ದಳು. ನಾನು ರಿಕ್ಷಾ ಮಾಡಿಕೊಂಡು ಚೌಕಕ್ಕೆ ಹೋದೆ. ಅಲ್ಲಿ ಕೂಲಿಗಾಗಿ ಜನ ನಿಂತಿರುತ್ತಾರೆ. ಸುತ್ತಿಗೆ ಹಾರೆ ಇದ್ದ ಇಬ್ಬರನ್ನು ಕರೆದುಕೊಂಡು ಬಂದು ಕಟ್ಟೆಯನ್ನು ತೋರಿಸಿ, ತೋಡಾ ಅಂದೆ. ಒಡೀರಿ ಅನ್ನಲು ಮರಾಠಿಯಲ್ಲಿ ಅಷ್ಟೇ ಸಾಕು.

ಮೊದಲ ಏಟಿಗೆ ಫರಸಿ ಬಿರುಕು ಬಿಟ್ಟಾಗ ಹಿಂತಿರುಗಿ ಗೇಟಿನ ಕಡೆ ನೋಡಿದೆ. ಆಮೇಲೆ ಏನೂ ಅನ್ನಿಸಲಿಲ್ಲ. ಆಮೇಲೆ, ನಿಜ ಹೇಳಬೇಕೆಂದರೆ, ಹಿತವೆನಿಸಿತು. ಫರಸಿ ಎತ್ತಿದರೆ ಒಳಗೆ ಮಣ್ಣು ಕಪ್ಪಗೆ, ಹಿಂಡಿದರೆ ನೀರು ಬರುವ ಹಾಗಿತ್ತು. ಅದರ ಹಿಂದಿನ ಗಿಲಾವು ಚಹಾದಲ್ಲಿ ಅದ್ದಿದ ಟೋಸ್ಟಿನ ಹಾಗೆ ಮೆತ್ತಗಾಗಿ, ಕೈಯಿಂದ ಎಳೆದರೆ ಬರುತ್ತಿತ್ತು. ಇಟ್ಟಿಗೆಯ ಮೂಲೆಗಳು ಸವೆದು ದುಂಡಗಾಗಿದ್ದವು. ಎರೆಹುಳ ಇತ್ತು. ನನ್ನ ಗಂಡನ ತಲೆದೆಸೆಗೆ, ಒಂದು ಇಟ್ಟಿಗೆಯ ಆಚೆ, ಎರೆಹುಳ ಸಂಸಾರ ಹೂಡಿತ್ತು. ನಾನು ಫೋಟೋ ತೆಗೆದುಕೊಂಡೆ. ಯಾರಿಗೆ ತೋರಿಸಲು ಅಂತ ಆಗ ಯೋಚಿಸಲಿಲ್ಲ. ಮಣ್ಣು ಕಲ್ಲು ಎಲ್ಲ ಟೆಂಪೋದಲ್ಲಿ ಹಾಕಿಸಿ ಕಳಿಸಿ, ಗೋಡೆಯ ಬುಡ ಗುಡಿಸಿದೆ.

ಬಸ್ಸು ಸಂಜೆ ಬಂತು. ಹಣೆಗೆ ವಿಠಲನ ಕಪ್ಪು ಬುಕ್ಕಿಟ್ಟು ಹಚ್ಚಿಕೊಂಡು, ಪ್ರಸಾದ ಹಿಡಿದುಕೊಂಡು ಒಬ್ಬೊಬ್ಬರೇ ಇಳಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಬೈಯಲಿ ಅಂತಲೇ ನಿಂತಿದ್ದೆ. ಎಲ್ಲ ಉತ್ತರ ನಾಲಿಗೆಯ ತುದಿಯಲ್ಲಿತ್ತು, ಫೋನಿನಲ್ಲಿ ಎರೆಹುಳದ ಫೋಟೋ ಇತ್ತು. ಯಾರೂ ಬೈಯಲಿಲ್ಲ. ಬೋಳು ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು. ಹೆಂಗಸರು ತಲೆ ತಗ್ಗಿಸಿ ಮೆಟ್ಟಿಲು ಹತ್ತಿದರು. ಅವರಲ್ಲಿ ಒಬ್ಬಳೂ ನನ್ನ ಹತ್ತಿರ ಬರಲಿಲ್ಲ. ಸೆಕ್ರೆಟರಿ ಮಾತ್ರ ಬಂದು ಪ್ರಸಾದ ಕೈಗಿಟ್ಟರು.

"ವೈನಿ, ಒಂದು ಮಾತು ಹೇಳಿದ್ರ ನಾವಽ ಒಡಸಿ ಕೊಡ್ತಿದ್ವಿ," ಅಂದರು.

"ಸಭಾದಾಗ ಹೇಳಿದ್ನಲ್ರಿ."

"ಹಂಗಲ್ರಿ. ಮನಿ ಮಂದಿಗೆ ಹೇಳೂ ಹಂಗ ಹೇಳಬೇಕಿತ್ತು."

ಹೀಗಂದು ಹೋದರು. ಇಷ್ಟು ವರ್ಷಗಳಲ್ಲಿ ಯಾರೂ ನನ್ನ ಮುಖದ ಮೇಲೆ ಅಷ್ಟು ಸಭ್ಯವಾಗಿ ಬಾಗಿಲು ಹಾಕಿರಲಿಲ್ಲ.

ಗೋಡೆಯ ಕೆಲಸ ನಿಧಾನವಾಗಿ ಮಾಡಿಸಿದೆ. ಈ ಸಲ ಯಾರ ಅವಸರವನ್ನೂ ಕೇಳಲಿಲ್ಲ. ರಬ್ಬರು ಬಣ್ಣವನ್ನೂ ಸತ್ತ ಗಿಲಾವನ್ನೂ ಗಟ್ಟಿ ಇಟ್ಟಿಗೆ ಸಿಗುವವರೆಗೆ ಕೆರೆಸಿ, ಮೇಲೆ ತಗಡಿನ ಮರೆ ಮಾಡಿಸಿ, ಗೋಡೆಯನ್ನು ದಸರೆಯವರೆಗೆ ಹಾಗೇ ಬೆತ್ತಲೆ ಬಿಟ್ಟೆ. ಹಸಿ ಇಟ್ಟಿಗೆಯ ಮೇಲೆ ಗಿಲಾವು ಹೊಡೆಯುವುದೆಂದರೆ ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ. ಇಟ್ಟಿಗೆ ಒಣಗಿ ಕೆಂಪು ಬಣ್ಣಕ್ಕೆ ಬಂದ ಮೇಲೆ ಎರಡು ಪದರ ಗಿಲಾವು. ಮೊದಲನೆಯದನ್ನು ಒರಟಾಗಿಯೇ ಬಿಟ್ಟು, ಅದು ಗಟ್ಟಿಯಾದ ಮೇಲೆ ಎರಡನೆಯದು. ಬುಡದಲ್ಲಿ ಗಿಲಾವನ್ನು ನೆಲಕ್ಕೆ ಮುಟ್ಟಿಸಲಿಲ್ಲ, ಆ ಹಳೆಯ ಪಟ್ಟಿಯ ಮೇಲೆಯೇ ನಿಲ್ಲಿಸಿ, ನೀರು ತೊಟ್ಟಿಕ್ಕಿ ಹೊರಗೆ ಬೀಳಲು ಒಂದು ಅಂಚು ಬಿಡಿಸಿದೆ. ನೆಲದ ಇಳಿಜಾರನ್ನು ಗೇಟಿನ ಕಡೆಗೆ ಮಾಡಿಸಿದೆ. ಕೊನೆಗೆ ಗೋಡೆ ಉಸಿರಾಡುವಂಥ ತೆಳು ಬಣ್ಣ. ಒಬ್ಬರೂ ಹತ್ತಿರ ಬಂದು ಇದೇನು ಅಂತ ಕೇಳಲಿಲ್ಲ. ಮುಂದಿನ ಮಳೆಗಾಲ ಅದರ ಮೇಲೆ ಹಾದು ಹೋಯಿತು, ಒಳಗೆ ಒಂದು ಚುಕ್ಕೆ ಕಾಣಲಿಲ್ಲ.

ನಮ್ಮ ಮನೆಯವರನ್ನು ಆಸ್ಪತ್ರೆಯಿಂದ ನೇರ ಬಾರಾಮತಿಗೆ ಮಗಳ ಮನೆಗೆ ಕಳಿಸಿದ್ದೆ. ಈ ಸಲ ಬೇಡ ಅನ್ನುವ ಶಕ್ತಿ ಅವರಲ್ಲಿರಲಿಲ್ಲ. ಗೋಡೆ ಮುಗಿದ ಮೇಲೆ ಕರೆದುಕೊಂಡು ಬಂದೆ. ಗಾಡಿಯಿಂದ ಇಳಿದವರು ಒಳಗೆ ಬರಲಿಲ್ಲ, ಅಲ್ಲೇ ನಿಂತು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದರು. ಮಗಳು ಹೇಳಿರಬೇಕು ಅಂದುಕೊಂಡಿದ್ದೆ, ಹೇಳಿರಲಿಲ್ಲ.

"ಯಾರು ಒಡಿಸಿದ್ರು?" ಅಂದರು.

"ನಾ."

ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವರು ಒಳಗೆ ಬಂದು ಮಂಚದ ಮೇಲೆ ಕೂತು ಗೋಡೆಗೆ ಅಂಗೈ ಇಟ್ಟು ನೋಡಿದರು. ಒಣಗಿತ್ತು. ಕೈ ತೆಗೆದು ಕಿಟಕಿಯ ಆಚೆ ನೋಡತೊಡಗಿದರು.

ಕಟ್ಟೆಯ ಜನ ಅಷ್ಟರಲ್ಲಿ ಜಾಗ ಬದಲಾಯಿಸಿದ್ದರು. ಹಿಂದಿನ ಕಟ್ಟಡದ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ಅಲ್ಲಿಂದ ನಗು ನಮ್ಮ ಕಿಟಕಿಗೆ ಕೇಳುವುದಿಲ್ಲ. ಊರಿನಿಂದ ಬಂದರಲ್ಲ ಅಂತ ಮೊದಲ ದಿನ ಎಲ್ಲರೂ ಬಂದು ಮಾತಾಡಿಸಿ ಹೋದರು. ಆಮೇಲೆ ಯಾರೂ ಬರಲಿಲ್ಲ. ನಾನು ಚಹಾ ಹೆಚ್ಚು ಮಾಡಿ ಹಾಗೇ ಚೆಲ್ಲಿದ ದಿನಗಳಿವೆ.

ಒಂದು ಸಂಜೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೂದಲು ಬಾಚಿಕೊಂಡು, ನಡೆದುಕೊಂಡು ಅಲ್ಲಿಗೆ ಹೋದರು. ನಡುವೆ ಎಲ್ಲೂ ನಿಲ್ಲದೆ, ಉಸಿರು ಹುಡುಕದೆ ಹೋದರು. ಅದನ್ನು ಅಡುಗೆಮನೆಯ ಕಿಟಕಿಯಲ್ಲಿ ನೋಡುತ್ತ ನಿಂತ ನನಗೆ ಎಷ್ಟು ಸಂತೋಷವಾಯಿತೆಂದರೆ, ಗೆದ್ದೆ ಅಂತ ಅಲ್ಲೇ ಒಬ್ಬಳೇ ನಕ್ಕೆ. ಅವರು ಬೇಗ ವಾಪಸು ಬಂದರು. ಚಪ್ಪಲಿ ಬಿಚ್ಚಿ ಕುರ್ಚಿಯಲ್ಲಿ ಕೂತರು.

"ಏನಾತ್ರಿ, ಇಷ್ಟು ಲಗೂ ಬಂದ್ರಿ?"

"ಎಲ್ಲಾರೂ ಎದ್ದು ನಿಂತ್ರು," ಅಂದರು. "ಬರ್ರಿ, ಕೂಡ್ರಿ, ಆರಾಮ ಇದ್ದೀರೇನ್ರಿ ಅಂದ್ರು. ಅವನೂ ನನಗ ರೀ ಅಂದ."

ಅವನು ಅಂದರೆ ಸೆಕ್ರೆಟರಿ. ಬಾಯಿಗೆ ಬಂದದ್ದು ಒಂದೇ, ನಾಲ್ಕು ಬೆರಳು ಸರಿಯದ ಜನ ಎಷ್ಟು ದೂರ ಸರಿದರು ನೋಡಿ ಅಂತ. ಅಂದಿದ್ದರೆ ಅವರಿಗೆ ಇನ್ನಷ್ಟು ನೋಯುತ್ತಿತ್ತು. ನುಂಗಿಕೊಂಡೆ. ಅವರು ಮತ್ತೆ ಅಲ್ಲಿಗೆ ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ. ಕಟ್ಟೆ ಒಡೆದವಳು ನಾನು, ನನಗೆ ಏನು ಮಾಡಿದ್ದರೂ ತಡೆದುಕೊಳ್ಳುತ್ತಿದ್ದೆ. ಆ ಜನ ನನಗೆ ಏನೂ ಮಾಡಲಿಲ್ಲ. ಎದುರು ಸಿಕ್ಕರೆ ವೈನಿ, ಊಟ ಆತೇನ್ರಿ ಅಂತ ಈಗಲೂ ಕೇಳುತ್ತಾರೆ. ಶಿಕ್ಷೆಯನ್ನೆಲ್ಲ ತಮ್ಮ ಗೆಳೆಯನಿಗೇ ಕೊಟ್ಟರು.

ಮತ್ತೊಮ್ಮೆ ಆ ಗೋಡೆಯ ಮುಂದೆ ನಿಲ್ಲಿಸಿ ಕೇಳಿದರೂ ನಾನು ಒಡೆಸುತ್ತೇನೆ. ಇದರಲ್ಲಿ ನನಗೆ ಸಂದೇಹವಿಲ್ಲ. ಗಂಡ ಬದುಕಿರಬೇಕಿತ್ತು, ಬದುಕಿದ್ದಾರೆ. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಸಿಳ್ಳೆ ಹೋಗಿದೆ ಅಂತ ಮೆಚ್ಚಿಕೊಂಡರು. ಒಂದೇ ದಿಂಬಿಟ್ಟುಕೊಂಡು ಮಲಗುತ್ತಾರೆ. ಟಿವಿ ಹಚ್ಚಿಕೊಂಡು ಕೂಡುತ್ತಾರೆ, ಅದರಲ್ಲಿ ಏನು ಬರುತ್ತಿದೆ ಅಂತ ಕೇಳಿದರೆ ಗೊತ್ತಿರುವುದಿಲ್ಲ. ಉಪ್ಪು ಕಡಿಮೆಯಾದರೂ ಈಗ ಹೇಳುವುದಿಲ್ಲ.

ಮೊನ್ನೆ ಸಂಜೆ ದೀಪ ಹಚ್ಚಿ ಬಂದೆ. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಔಷಧ ಕೊಟ್ಟು, ಉಸಿರು ಹೇಗಿದೆ ಅಂತ ಎಂದಿನಂತೆ ಕೇಳಿದೆ.

"ಭಾಳ ಚಲೋ ಅದ," ಅಂದರು. "ಎಷ್ಟು ಹೊತ್ತು ಬೇಕಾದ್ರೂ ಮಾತಾಡ್ಲಿಕ್ಕೆ ಬರ್ತದ. ಯಾರ ಜೋಡಿ ಮಾತಾಡ್ಲಿ?"

ನಾನು ಲೋಟ ಹಿಡಿದುಕೊಂಡು ಅಲ್ಲೇ ನಿಂತೆ. ಮದುವೆಯಾಗಿ ಬಂದಾಗಿನಿಂದ ಹೇಳಬೇಕೆಂದಿದ್ದ ಮಾತನ್ನು ಹೇಳಿದೆ.

"ನಾ ಇದ್ದೀನಲ್ರಿ."

ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ನಾನು ಹೇಳಿದ್ದು ಅವರಿಗೆ ನಿಜವಾಗಿ ತಿಳಿಯಲಿಲ್ಲ.

"ನೀ ಅಂತೂ ಇದ್ದಽ ಇರ್ತಿ," ಅಂದು ಮತ್ತೆ ಕಿಟಕಿಯ ಕಡೆ ಮುಖ ಮಾಡಿದರು.